ಜಬಲ್ಪುರದಲ್ಲಿ ಗಾಡಿ ತಪ್ಪಿಸಿಕೊಂಡ ಅಂಬುಜಮ್ಮ

ಅಂಬುಜಮ್ಮ ತೀರಿಕೊಂಡು ಒಂದು ತಿಂಗಳಾಗುತ್ತ ಬಂತು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು: ಯಾತ್ರಾ ರಾಮಯ್ಯನವರ ಧರ್ಮಪತ್ನಿ, ಹದಿಮೂರು ಸಲ ಕಾಶಿಯಾತ್ರೆ ಮಾಡಿದ ಪುಣ್ಯವತಿ ಎಂದು. ಪತ್ರಿಕೆಯಲ್ಲಿ ಬರದೆ ಹೋದ, ಆದರೆ ದೇವರಾಜ ಮೊಹಲ್ಲಾದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಇನ್ನೊಂದಿದೆ. ಗುಂಪು ಬಿಟ್ಟು ಒಬ್ಬಳೇ ಊರು ನೋಡಲು ಹೋಗಿ ಜಬಲ್ಪುರದಲ್ಲಿ ರೈಲು ತಪ್ಪಿಸಿಕೊಂಡವಳು ಎಂಬುದು. ಹದಿಮೂರು ಸಲ ಕಾಶಿಗೆ ಹೋದದ್ದು ನಿಜ. ಕಾಶಿಯಲ್ಲಿ ಅವರು ನೋಡಿದ್ದೇನು ಎಂದು ಯಾರೂ ಕೇಳಿದವರಲ್ಲ. ರೈಲು ತಪ್ಪಿಸಿಕೊಂಡರೆಂಬುದು ಸುಳ್ಳು.

ರಾಮಯ್ಯನವರು ಮೊದಲು ಅರಮನೆಯ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದರು. ಸ್ವಾತಂತ್ರ್ಯ ಬಂದು, ಸಂಸ್ಥಾನ ಹೋಗಿ, ಉಗ್ರಾಣದಲ್ಲಿ ಜನ ಕಡಿಮೆ ಮಾಡಿದಾಗ ಅವರೂ ಮನೆಗೆ ಬಂದರು. ನೂರು ಜನರ ಅಡಿಗೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲವರು. ಆ ಒಂದು ವಿದ್ಯೆಯನ್ನು ನಂಬಿಕೊಂಡು 1951ರಲ್ಲಿ ಯಾತ್ರಾ ಸ್ಪೆಷಲ್ ಶುರುಮಾಡಿದರು. ಸಂಕ್ರಾಂತಿ ಕಳೆಯುತ್ತಲೇ ಮೈಸೂರಿನಿಂದ ಹೊರಡುವುದು. ಬೆಂಗಳೂರಿನಿಂದಾಚೆಗೆ ದೊಡ್ಡ ಗೇಜಿನ ಮೂರು ಬೋಗಿ. ಎರಡರಲ್ಲಿ ಯಾತ್ರಿಕರು, ಒಂದರಲ್ಲಿ ಅಡಿಗೆ. ರೈಲ್ವೆಯವರು ಈ ಮೂರನ್ನೂ ಯಾವುದಾದರೊಂದು ರೈಲಿನ ಬಾಲಕ್ಕೆ ಸಿಕ್ಕಿಸಿ, ಊರು ಬಂದಾಗ ಬಿಚ್ಚಿ, ಪಕ್ಕದ ಹಳಿಯ ಮೇಲೆ, ಸೈಡಿಂಗಿನಲ್ಲಿ, ನಿಲ್ಲಿಸುತ್ತಿದ್ದರು. ಮೂವತ್ತೈದು ದಿನ ಜನ ಅದರಲ್ಲೇ ಮಲಗಿ, ಅದರಲ್ಲೇ ಉಂಡು, ಊರಿಗೊಮ್ಮೆ ಇಳಿದು ನೋಡಿಕೊಂಡು ಬರುವುದು.

ಹೊರಡುವ ದಿನ ರಾಮಯ್ಯನವರ ಭಾಷಣವೊಂದು ಇದ್ದೇ ಇರುತ್ತಿತ್ತು.

"ನೋಡಿ ಸ್ವಾಮಿ, ಊರು ಬಂದ ಮೇಲೆ ನಿಮಗೆ ಎರಡು ದಾರಿ. ನನ್ನ ಜೊತೆ ಜಟಕಾದಲ್ಲಿ ಬಂದ್ರಿ ಅಂದ್ರೆ ಸ್ನಾನ, ದೇವಸ್ಥಾನ, ಪೂಜೆ ಎಲ್ಲ ನನ್ನ ಜವಾಬ್ದಾರಿ. ತಡವಾದ್ರೆ ಸ್ಟೇಷನ್ ಮಾಸ್ಟರ ಕಾಲು ಹಿಡಿದಾದ್ರೂ ಬೋಗೀನ ಮುಂದಿನ ಗಾಡಿಗೆ ಹಾಕಿಸ್ತೀನಿ. ಇಲ್ಲ, ನಾನೇ ಸ್ವಂತ ಸುತ್ತಾಡ್ಕೊಂಡು ಬರ್ತೀನಿ ಅಂತೀರೋ, ಸಂತೋಷ, ಹೋಗ್ಬನ್ನಿ. ಆದ್ರೆ ನಿಮಗೋಸ್ಕರ ಬೋಗಿ ಒಂದು ನಿಮಿಷ ಕಾಯೋದಿಲ್ಲ. ಆಮೇಲೆ ನನ್ನ ಬಯ್ಯಬಾರದು."

ಬೋಗಿ ಹೊರಡುವ ಮುಂಚೆ ಎಲ್ಲರೂ ಬಂದಿದ್ದಾರೆಯೇ ಎಂದು ನೋಡಲು ಅವರದೇ ಒಂದು ಕ್ರಮವಿತ್ತು. ಜನರ ತಲೆ ಎಣಿಸುವುದು ಅಶುಭವೆಂದು ಅವರ ಎಣಿಕೆ; ಆದ್ದರಿಂದ ಊಟದ ಎಲೆ ಎಣಿಸುತ್ತಿದ್ದರು. ಅರವತ್ತೆರಡು ಜನ ಯಾತ್ರಿಕರಾದರೆ ಅರವತ್ತೆರಡು ಎಲೆ. ಉಪವಾಸದವರು ಇಷ್ಟು ಎಂದು ಅದಕ್ಕೆ ಕೂಡಿಸಿಕೊಳ್ಳುವುದು. ಸರಿಹೋದರೆ ಸ್ಟೇಷನ್ನಿನವರಿಗೆ ಕೈ ತೋರಿಸುವುದು. ಬಡಿಸುವವರೂ ಅಡಿಗೆಯವರೂ ಎಲ್ಲರದೂ ಆದ ಮೇಲೆ ಕೂರುತ್ತಿದ್ದರು. ಅವರ ಎಲೆಗಳು ಲೆಕ್ಕಕ್ಕಿಲ್ಲ. "ಅಡಿಗೆಯವರು ಒಲೆ ಬಿಟ್ಟು ಎಲ್ಲಿಗೆ ಹೋಗ್ತಾರೆ?" ಎನ್ನುತ್ತಿದ್ದರು ರಾಮಯ್ಯ. ಅಂಬುಜಮ್ಮನ ಎಲೆ ಆ ಕೊನೆಯ ಸಾಲಿನಲ್ಲಿ ಬೀಳುತ್ತಿತ್ತು.

ಅಡಿಗೆ ಬೋಗಿಯಲ್ಲಿ ಯಜಮಾನಿಕೆ ಅಂಬುಜಮ್ಮನದೇ. ಕೈಕೆಳಗೆ ಅಶ್ವತ್ಥನೆಂಬ ಅಡಿಗೆಯವನು, ಬಡಿಸಲು ಇನ್ನಿಬ್ಬರು. ಹುಳಿಪುಡಿ, ಸಾರಿನಪುಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮೂವತ್ತೈದು ದಿನಕ್ಕಾಗುವಷ್ಟೂ ಮೈಸೂರಿನಲ್ಲೇ ತಯಾರಾಗಬೇಕು. ದೀಪಾವಳಿ ಕಳೆದದ್ದೇ ತಡ, ಅವರ ಮನೆಯ ಮಹಡಿಯ ಮೇಲೆ ಮೆಣಸಿನಕಾಯಿ ಕೆಂಪಗೆ ಹರಡಿರುತ್ತಿತ್ತು.

ಆ ಮಹಡಿಯ ಕೋಣೆಯಲ್ಲಿ ಕೆಲವು ವರ್ಷ ಬಾಡಿಗೆಗಿದ್ದವಳು ಅಲಮೇಲು. ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಟೀಚರು. ತಾಯಿ ಮಗಳು ಇಬ್ಬರೇ. ಆಮೇಲೆ ಜಯಲಕ್ಷ್ಮಿಪುರಂಗೆ ಮನೆ ಬದಲಾಯಿಸಿದರೂ ವಾರಕ್ಕೊಮ್ಮೆ ಬಂದು ಹೋಗುವುದು ತಪ್ಪಲಿಲ್ಲ. ಬರುವಾಗ ಸ್ಕೂಲಿನ ಹಳೆಯ ಇಂಗ್ಲಿಷ್ ವಾರಪತ್ರಿಕೆಗಳ ಒಂದು ಕಟ್ಟು ತರುತ್ತಿದ್ದಳು. ಪುಡಿಗಳ ಪೊಟ್ಟಣ ಕಟ್ಟಲು ಅಂಬುಜಮ್ಮನಿಗೆ ಕಾಗದ ಬೇಕಲ್ಲ. ಪೊಟ್ಟಣ ಕಟ್ಟುತ್ತ ಅಂಬುಜಮ್ಮ ಪ್ರತಿ ಹಾಳೆಯ ಚಿತ್ರವನ್ನೂ ನೋಡುವುದು, ಇದು ಯಾವೂರು, ಇವರು ಯಾರು ಎಂದು ಕೇಳುವುದು, ಅಲಮೇಲು ಓದಿ ಹೇಳುವುದು. ಸ್ನೇಹ ಬೆಳೆದದ್ದು ಹಾಗೆ.

"ಕಾಶಿ ಹೇಗಿದೆ ಅಂಬುಜಮ್ಮ?" ಎಂದು ಅಲಮೇಲು ಒಮ್ಮೆ ಕೇಳಿದ್ದಳು.

"ಸೈಡಿಂಗಿನ ನಲ್ಲೀಲಿ ನೀರು ಜೋರಾಗಿ ಬರತ್ತೆ" ಎಂದರು ಅಂಬುಜಮ್ಮ. "ಗಯಾದಲ್ಲಿ ಬರಲ್ಲ. ಬೆಳಗಿನ ಜಾವ ಓಡ್ಹೋಗಿ ಒಂದು ಮುಳುಗು ಹಾಕಿ ಓಡ್ಬರೋದು, ಅಷ್ಟೇ ಕಣ್ರೀ. ಇಲ್ಲಿ ಬಂದ್ರೆ ಎಲ್ಲ ಕಾಲಿಗೆ ಬೀಳ್ತಾರೆ, ನಾನೂ ಸುಮ್ನೆ ಬೀಳಿಸ್ಕೋತೀನಿ. ಏನು ಮಾಡ್ಲಿ?"

1957ರ ಕೊನೆಯಲ್ಲಿ, ಕೊತ್ತಂಬರಿ ಬೀಜದ ಪೊಟ್ಟಣ ಕಟ್ಟುವಾಗ ಅವರ ಕೈ ಒಂದು ಹಾಳೆಯ ಮೇಲೆ ನಿಂತಿತು. ಪುಟದ ತುಂಬ ಒಂದೇ ಚಿತ್ರ. ಎರಡೂ ಕಡೆ ಎತ್ತರಕ್ಕೆ ಎದ್ದ ಬಿಳಿಯ ಬಂಡೆ, ನಡುವೆ ಕಿರಿದಾದ ನೀರು, ನೀರಿನ ಮೇಲೆ ಒಂದು ಸಣ್ಣ ದೋಣಿ.

"ಇದು ವಿಲಾಯತಿಯಾ?"

"ಅಲ್ಲ, ನರ್ಮದಾ ನದಿ. ಅಮೃತಶಿಲೆಯ ಬಂಡೆ. ಜಬಲ್ಪುರದಿಂದ ಹದಿಮೂರು ಮೈಲಿ ಅಂತ ಹಾಕಿದೆ."

"ಜಬಲ್ಪುರಾನಾ?" ಅಂಬುಜಮ್ಮ ಹಾಳೆಯನ್ನು ಬೆಳಕಿಗೆ ಹಿಡಿದರು. "ಅಲ್ರೀ, ಅಲ್ಲಿ ನಮ್ಮ ಬೋಗಿ ಬೆಳಗಿನಿಂದ ಸಾಯಂಕಾಲದವರೆಗೆ ನಿಂತಿರತ್ತೆ. ಏಳು ಸಲ ನಿಂತಿದೆ. ಹದಿಮೂರೇ ಮೈಲಿನಾ?"

ಆ ಹಾಳೆಯಲ್ಲಿ ಪೊಟ್ಟಣ ಕಟ್ಟಲಿಲ್ಲ. ಬರುವ ಸಂಕ್ರಾಂತಿಯ ಯಾತ್ರೆಗೆ ಅಲಮೇಲುವೂ ತಾಯಿಗೆ ಕಾಶಿ ತೋರಿಸಲೆಂದು ರಜ ಹಾಕಿ ಹೊರಡುವವಳಿದ್ದಳು. ಇಬ್ಬರೂ ಸೇರಿ ಗುಂಪು ಬಿಟ್ಟು ಬಂಡೆ ನೋಡಿ ಬರುವುದೆಂದು ಮಾತಾಯಿತು. ಮದುವೆಗೆ ದಿನ ಗೊತ್ತುಮಾಡಿದ ಹಾಗೆ ಅಂಬುಜಮ್ಮ ಆ ದಿನವನ್ನು ಬೆರಳ ಮೇಲೆ ಎಣಿಸತೊಡಗಿದರು.

ಜಬಲ್ಪುರದ ಹಿಂದಿನ ದಿನ ರಾಮಯ್ಯನವರ ಕಿವಿಗೆ ಹಾಕಿದರು. ನಾಲ್ಕು ಜನ ಯಾತ್ರಿಕರು ಕಾಫಿ ಕುಡಿಯುತ್ತಿದ್ದರು.

"ಬಂಡೆ ನೋಡೋಕಾ?" ಎಂದರು ರಾಮಯ್ಯ. "ಚಾಮುಂಡಿಬೆಟ್ಟದಲ್ಲಿ ಬಂಡೆ ಸಾಲದೇನೇ ನಿನಗೆ?"

ಎಲ್ಲರೂ ನಕ್ಕರು. ಅಲ್ಲಿ ಯೋಗಿನಿಯರ ಗುಡಿಯೂ ಇದೆ ಎಂದು ಅಲಮೇಲು ಹೇಳಿದಳು.

"ಇರಲಿ ಟೀಚರಮ್ಮ. ಎರಡು ಹೊತ್ತಿನ ಅಡಿಗೆ ಮುಗಿಸಿ ಎಲ್ಲಿಗೆ ಬೇಕಾದ್ರೂ ಹೋಗಲಿ, ನಾನೇನು ಕಟ್ಟಿಹಾಕಿದೀನಾ? ಏಳು ಗಂಟೆಗೆ ಗಾಡಿ. ಕಾನೂನು ಹೆಂಡತಿಗೂ ಒಂದೇ."

ಬೆಳಗ್ಗೆ ಎಂಟರ ಹೊತ್ತಿಗೆ ಅಂಬುಜಮ್ಮ ಮಧ್ಯಾಹ್ನದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟು, ಸಂಜೆಯ ಹುಳಿಗೆ ತರಕಾರಿ ಹೆಚ್ಚಿಟ್ಟು, ಸಾರು ಇಳಿಸಿದ್ದರು. ಹಸಿರು ಬಣ್ಣದ ಒಂದು ಒಳ್ಳೆಯ ಸೀರೆ ಉಟ್ಟಿದ್ದರು. ಯಾತ್ರೆಯಲ್ಲಿ ಅವರು ಆ ಸೀರೆ ಉಟ್ಟದ್ದನ್ನು ಅಶ್ವತ್ಥ ನೋಡಿರಲಿಲ್ಲ. "ಏನಮ್ಮ, ಮದುವೆ ಮನೆಗಾ?" ಎಂದ.

ಅಲಮೇಲು ಹೋಗಲಿಲ್ಲ. ಅವಳ ತಾಯಿ ಜಟಕಾ ಹತ್ತಿ ಕೂತು, ನೀನು ಬರದೆ ನಾನು ಈ ಊರಿನಲ್ಲಿ ನೀರಿಗಿಳಿಯುವುದಿಲ್ಲ ಎಂದರು. ಅದೊಂದೇ ಕಾರಣವಲ್ಲ. "ಬೋಗಿ ಒಂದು ನಿಮಿಷ ಕಾಯೋದಿಲ್ಲ" ಎಂಬ ಭಾಷಣದ ಮಾತನ್ನು ಅವಳು ಮರೆತಿರಲಿಲ್ಲ. ಭಾಷೆ ಬರದ ಊರು, ಹದಿಮೂರು ಮೈಲಿ. ಸ್ಕೂಲಿನಲ್ಲಿ ಮಕ್ಕಳಿಗೆ ಇಡೀ ಭೂಗೋಳವನ್ನು ಕೋಲಿನ ತುದಿಯಿಂದ ತೋರಿಸುವವಳಿಗೆ ಹೆದರಿಕೆಯಾಯಿತು.

"ನೀವೂ ಬಂದ್ಬಿಡಿ ಅಂಬುಜಮ್ಮ, ಗುಂಪಿನ ಜೊತೆ. ಘಟ್ಟದಲ್ಲಿ ಸ್ನಾನ ಮಾಡೋಣ. ಅದೂ ಅದೇ ನರ್ಮದೆ."

"ಅದೇ ನರ್ಮದೆಯ ನೀರಲ್ಲಿ ಏಳು ವರ್ಷದಿಂದ ಬೇಳೆ ತೊಳೀತಿದೀನಿ ಕಣ್ರೀ" ಎಂದರು ಅಂಬುಜಮ್ಮ. ಸಿಟ್ಟಿನಿಂದಲ್ಲ. ಒಂದು ಕ್ಷಣ ಜಟಕಾದ ಚಕ್ರ ಹಿಡಿದು ನಿಂತರು. "ನೀವು ಹೋಗ್ಬನ್ನಿ. ನಾನು ನೋಡಿ ಬಂದು ಹೇಳ್ತೀನಿ." ಚಿತ್ರದ ಹಾಳೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದರು, ದಾರಿಯಲ್ಲಿ ಯಾರಿಗಾದರೂ ತೋರಿಸಿ ಕೇಳಲು. ಹಾಗೆಯೇ ಸ್ಟೇಷನ್ನಿನ ಹೊರಗೆ ನಡೆದುಹೋದರು.

ಗುಂಪಿನವರು ಸ್ನಾನ ಮುಗಿಸಿ, ಎರಡು ಗುಡಿ ನೋಡಿ, ಮೂರೂವರೆಗೆಲ್ಲ ವಾಪಸಾದರು. ಪ್ರಯಾಗದಲ್ಲಿ ಮಾಘಸ್ನಾನಕ್ಕೆ ಜನ ಸೇರುತ್ತಿದ್ದಾರೆ, ಐದು ಗಂಟೆಯ ಪ್ಯಾಸೆಂಜರಿಗೆ ಬೋಗಿ ಹಾಕಿದರೆ ಅಲ್ಲಿ ಒಳ್ಳೆಯ ಕಡೆ ಜಾಗ ಸಿಗುತ್ತದೆ ಎಂದು ಸ್ಟೇಷನ್ನಿನಲ್ಲಿ ಯಾರೋ ಹೇಳಿದರು. ರಾಮಯ್ಯನವರಿಗೆ ಅದು ಸರಿ ಕಂಡಿತು. ನಾಲ್ಕಕ್ಕೇ ಎಲೆ ಹಾಕಿಸಿದರು. ಈ ತುದಿಯಿಂದ ಆ ತುದಿಯವರೆಗೆ ನಡೆದು ಎಣಿಸಿದರು. ಅರವತ್ತೆರಡು. "ಎಲ್ಲಾ ಬಂದಿದಾರೆ, ಬಿಡಿ" ಎಂದರು.

ಅಡಿಗೆ ಬೋಗಿಯ ಹುಡುಗರು ಬಡಿಸುವ ಗಡಿಬಿಡಿಯಲ್ಲಿದ್ದರು. ಅಮ್ಮ ಟೀಚರಮ್ಮನ ಜೊತೆ ಹೋದವರು ಅವರ ಜೊತೆಯಲ್ಲೇ ಬಂದು, ಆಯಾಸವಾಗಿ ಅಲ್ಲೇ ಕೂತಿರಬೇಕೆಂದು ಅಶ್ವತ್ಥ ತಿಳಿದ. ಹುಳಿ ಬಂತು, ಸಾರು ಬಂತು, ಅಂಬುಜಮ್ಮನ ಕೈ ರುಚಿಯೇ. ಅವರು ಬಂದು ಒಲೆಯ ಹತ್ತಿರ ಇದ್ದಾರೆಂದು ಅಲಮೇಲು ತಿಳಿದಳು. ಒಮ್ಮೆ ಎದ್ದು ಹೋಗಿ ನೋಡಿದ್ದರೆ ಆಗುತ್ತಿತ್ತು. ಬೆಳಗ್ಗೆ ಕೈಕೊಟ್ಟವಳಿಗೆ ಅವರ ಮುಖ ನೋಡಲು ಸಂಕೋಚ. ಪ್ರಯಾಗ ತಲುಪಿದ ಮೇಲೆ ಮಾತಾಡಿಸಿದರಾಯಿತು ಎಂದುಕೊಂಡಳು. ಗಾಡಿ ಐದು ಗಂಟೆ ಹತ್ತು ನಿಮಿಷಕ್ಕೆ ಹೊರಟಿತು. ಅವಳ ಕೈಗಡಿಯಾರದಲ್ಲಿ ಅವಳೇ ನೋಡಿದ್ದಾಳೆ.

ಕಟನಿಯಲ್ಲಿ ಗಾಡಿ ನಿಂತಾಗ ಎಂಟಾಗಿತ್ತು. ಯಾರಿಗೋ ಪಿತ್ತ, ನಿಂಬೆಕಾಯಿ ಉಪ್ಪಿನಕಾಯಿ ಬೇಕೆಂದರು. ಅದರ ಪೆಟ್ಟಿಗೆಗೆ ಬೀಗ.

"ಅಮ್ಮನ್ನ ಬೀಗದಕೈ ಕೇಳಿ" ಎನ್ನುತ್ತ ಅಶ್ವತ್ಥ ಯಾತ್ರಿಕರ ಬೋಗಿಗೆ ಬಂದ.

"ನನ್ನನ್ನೇನು ಕೇಳ್ತೀಯೋ, ಅವಳ ಸೊಂಟದಲ್ಲಿರತ್ತೆ" ಎಂದರು ರಾಮಯ್ಯ.

"ಅಮ್ಮ ಈ ಬೋಗೀಲಿಲ್ವಾ?"

ಮೂರು ಬೋಗಿಗಳನ್ನೂ ಹುಡುಕಿದರು.

ರಾಮಯ್ಯನವರು ಗಾಬರಿಯಾದದ್ದು ನಿಜ, ಇಲ್ಲವೆನ್ನಬಾರದು. ಜಬಲ್ಪುರದ ಸ್ಟೇಷನ್ ಮಾಸ್ಟರಿಗೆ ತಂತಿ ಕೊಟ್ಟರು. ತಾವೇ ಇಳಿದು ಹಿಂದಕ್ಕೆ ಹೋಗುತ್ತೇನೆಂದರು. ಆಗ ಯಾತ್ರಿಕರಲ್ಲಿ ಹಿರಿಯರೊಬ್ಬರು, ಅರವತ್ತೆರಡು ಜನರನ್ನು ನಡುದಾರಿಯಲ್ಲಿ ಬಿಟ್ಟು ಹೋಗುತ್ತೀರಾ, ಅಮಾವಾಸ್ಯೆಯ ಸ್ನಾನ ತಪ್ಪಿದರೆ ಯಾರು ಹೊಣೆ ಎಂದರು. ರಾಮಯ್ಯ ಕೂತುಬಿಟ್ಟರು. ಅಶ್ವತ್ಥನನ್ನು ಇಳಿಸಿ ಹಿಂದಕ್ಕೆ ಕಳುಹಿಸಿದರು. ಅವನ ಜೊತೆ ನಾನೂ ಹೋಗುತ್ತೇನೆ ಎಂದು ಅಲಮೇಲು ಹೇಳಬಹುದಾಗಿತ್ತು, ಹೇಳಲಿಲ್ಲ.

ಅಂಬುಜಮ್ಮ ಪ್ರಯಾಗಕ್ಕೆ ಬಂದು ಸೇರಿದ್ದು ಮೂರನೆಯ ದಿನ. ಅದೇ ಹಸಿರು ಸೀರೆ, ಕಲ್ಲಿದ್ದಲ ಮಸಿ ಹಿಡಿದಿತ್ತು. ಬಂದವರೇ ಕೈಕಾಲು ತೊಳೆದು ಒಲೆಯ ಮುಂದೆ ಕೂತರು. ಅಲಮೇಲು ಹೋಗಿ ಪಕ್ಕದಲ್ಲಿ ಕೂತಳು. ಅಂಬುಜಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ನಾನು ಸ್ಟೇಷನ್ನಿಗೆ ಬಂದಾಗ ಆರೂ ಇಪ್ಪತ್ತು" ಎಂದರು, ಅವಳು ಕೇಳುವ ಮೊದಲೇ. "ದೊಡ್ಡ ಗಡಿಯಾರ ನೋಡ್ದೆ. ಇನ್ನೂ ಹೊತ್ತಿದೆ ಅಂತ ಬೀದೀಲಿ ಒಂದು ಮೊಳ ಹೂವು ಬೇರೆ ತಗೊಂಡೆ. ಒಳಗೆ ಬಂದ್ರೆ ಹಳಿ ಮೇಲೆ ಏನಿದೆ? ನಾವು ಸುರಿದ ಗಂಜಿ, ಎಂಜಲೆಲೆ, ಅದನ್ನ ತಿನ್ನೋ ಒಂದು ಹಸು."

"ರಾತ್ರಿ ಎಲ್ಲಿದ್ರಿ?"

"ಗೇಟಿನವನ ಹೆಂಡತಿ ಕರ್ಕೊಂಡು ಹೋದ್ಳು. ರೊಟ್ಟಿ ಕೊಟ್ಳು. ಅವಳು ಹೇಳಿದ್ದು ನನಗೆ ತಿಳೀಲಿಲ್ಲ, ನಾನು ಅತ್ತಿದ್ದು ಅವಳಿಗೆ ತಿಳೀತು." ಕಲ್ಲೊಂದನ್ನು ಹೆಕ್ಕಿ ಎಸೆದರು. "ಅಶ್ವತ್ಥ ಬಂದ. ಬಂದವನು ಮೊದಲು ಕೇಳಿದ್ದೇನು ಗೊತ್ತಾ? ಅಮ್ಮ, ಬೀಗದಕೈ ಇದೆ ತಾನೇ ಅಂತ. ಪಾಪ, ಅವನಿಗೆ ಹೇಳಿಕಳಿಸಿದ್ದೇ ಹಾಗೆ."

ಬಂಡೆ ನೋಡಿದಿರಾ ಎಂದು ಅಲಮೇಲು ಕೇಳಿದಳು.

"ನೋಡ್ದೆ. ದೋಣೀಲಿ ಮೊದಲರ್ಧ ಗಂಟೆ ಏನೂ ನೋಡಲಿಲ್ಲ, ಅಶ್ವತ್ಥ ಹುಳಿಗೆ ಉಪ್ಪು ಹಾಕ್ತಾನೋ ಇಲ್ವೋ ಅಂತ ಯೋಚನೆ. ಆಮೇಲೆ ಅದೂ ಹೋಯ್ತು. ಎರಡು ಕಡೇನೂ ಬೆಳ್ಳಗೆ, ಒಗೆದು ಹರವಿದ ಪಂಚೆ ಹಾಗೆ. ನೀರು ಅಲ್ಲಾಡಲ್ಲ. ಬಂಡೆ ಎದುರಿಗೇ ಬಂದು ನಿಂತ್ಬುಡತ್ತೆ ಕಣ್ರೀ, ಇನ್ನು ದಾರಿ ಇಲ್ಲ ಅನ್ಸತ್ತೆ. ಹತ್ತಿರ ಹೋದ್ರೆ ಪಕ್ಕಕ್ಕೆ ಸರಿದು ದಾರಿ ಬಿಡತ್ತೆ. ನಾನು ಕೈ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಮದುವೆಯಾದ ಮೇಲೆ ಈ ಕೈ ಸುಮ್ನೆ ಇದ್ದದ್ದು ಅವತ್ತೇ ಇರಬೇಕು." ಅಕ್ಕಿಯನ್ನು ಪಕ್ಕಕ್ಕಿಟ್ಟು ಕೇಳಿದರು: "ಗಾಡಿ ಎಷ್ಟೊತ್ತಿಗೆ ಹೊರಡ್ತು?"

"ಐದೂ ಹತ್ತಕ್ಕೆ."

"ನಾನಿಲ್ಲ ಅಂತ ಗೊತ್ತಿದ್ದೂ ಬಿಟ್ಟು ಹೋದ್ರಾ?"

"ಇಲ್ಲ ಅಂಬುಜಮ್ಮ. ಯಾರಿಗೂ ಗೊತ್ತಾಗಲಿಲ್ಲ."

"ಗೊತ್ತಿದ್ದು ಬಿಟ್ಟಿದ್ರೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು" ಎಂದರು ಅಂಬುಜಮ್ಮ.

ಅಂದು ರಾತ್ರಿಯ ಊಟಕ್ಕೆ ರಾಮಯ್ಯನವರು ತಾವೇ ತುಪ್ಪ ಬಡಿಸುತ್ತ, ಎಲ್ಲರಿಗೂ ಕೇಳುವಂತೆ, "ಗುಂಪು ಬಿಟ್ಟು ಊರು ನೋಡೋಕೆ ಹೋಗಿದ್ದ ದೊರೆಸಾನಿಯವರು ಬಂದಿದಾರಪ್ಪ!" ಎಂದರು. ಮೂರು ದಿನದ ಗಾಬರಿ ಇಳಿದ ಸಂತೋಷದಲ್ಲಿ ಆಡಿದ ಮಾತಿರಬೇಕು. ಜನ ನಕ್ಕರು. ಆ ನಗು ಅವರಿಗೆ ರುಚಿ ಹತ್ತಿತು. ಮುಂದಿನ ವರ್ಷದಿಂದ ಹೊರಡುವ ದಿನದ ಭಾಷಣಕ್ಕೆ ಈ ಕಥೆಯೂ ಸೇರಿತು. "ಸ್ವಂತ ಹೋಗೋರಿಗೆ ಏನಾಗತ್ತೆ ಅಂತ ನಮ್ಮ ಮನೆಯವಳನ್ನ ಕೇಳಿ. ಏಳು ಗಂಟೆ ಗಾಡಿ ಅಂತ ಬಾಯಿಬಿಟ್ಟು ಹೇಳಿದ್ದೆ. ಬಂಡೆ ನೋಡ್ತಾ ಕೂತ್ಳು. ಬೋಗಿ ಕಾಯ್ತಾ? ನಾನೇ ಕಾಯಲಿಲ್ಲ, ಸ್ವಂತ ಹೆಂಡತಿಗೆ!" ವರ್ಷವರ್ಷವೂ ಕಥೆ ದಪ್ಪವಾಯಿತು. ಒಂದು ವರ್ಷದ ಕಥೆಯಲ್ಲಿ ಅಂಬುಜಮ್ಮ ಸ್ಟೇಷನ್ನಿಗೆ ರಾತ್ರಿ ಎಂಟಕ್ಕೆ ಬಂದರು, ಇನ್ನೊಂದು ವರ್ಷ ಒಂಬತ್ತಕ್ಕೆ. ಜನ ಹೆದರಿ ಗುಂಪಿನ ಜೊತೆಯಲ್ಲೇ ಹೋಗುತ್ತಿದ್ದರು. ವ್ಯವಹಾರಕ್ಕೆ ಒಳ್ಳೆಯದೇ ಆಯಿತು. ಅಂಬುಜಮ್ಮ ಅಡಿಗೆ ಬೋಗಿಯ ಬಾಗಿಲಿನಲ್ಲಿ ಪಾತ್ರೆ ಇಳಿಸಿಕೊಳ್ಳುತ್ತ ಕೇಳುತ್ತಿದ್ದರು. ಮತ್ತೆ ಯಾವ ಊರಿನಲ್ಲೂ ಇಳಿಯಲಿಲ್ಲ.

ಅವರಿಗೆ ಬೇಕಾಗಿದ್ದು ಒಂದೇ ಮಾತು. ಅವಳು ಹೊತ್ತಿಗೆ ಸರಿಯಾಗಿ ಬಂದಿದ್ದಳು, ನಾವು ಮುಂಚೆ ಹೊರಟೆವು ಎಂದು ಯಾರಾದರೂ ನಾಲ್ಕು ಜನರ ಮುಂದೆ ಹೇಳಬೇಕು. ಒಮ್ಮೆ ಹೇಳಿದರೆ ಸಾಕಾಗಿತ್ತು. ಅದನ್ನು ಹೇಳಬಲ್ಲವರು ರಾಮಯ್ಯ. ಅವರು ಬಿಟ್ಟರೆ ಅಲಮೇಲು.

1963ರ ಯಾತ್ರೆ ಹೊರಡುವ ದಿನ ಅಲಮೇಲು ಬೀಳ್ಕೊಡಲು ಅವರ ಮನೆಗೆ ಹೋಗಿದ್ದಳು. ನಡುಮನೆಯ ತುಂಬ ಯಾತ್ರಿಕರು. ಪೂಜೆಯಾಗಿ ಮಂಗಳಾರತಿ ಆಗಿತ್ತು. ರಾಮಯ್ಯನವರ ಕಥೆ ಜಬಲ್ಪುರ ತಲುಪಿತ್ತು. ಒಳಗಿನಿಂದ ತಾಂಬೂಲದ ತಟ್ಟೆ ಹಿಡಿದು ಬಂದ ಅಂಬುಜಮ್ಮ ಅಲ್ಲೇ ನಿಂತರು.

"ನಾನು ಆರೂ ಇಪ್ಪತ್ತಕ್ಕೆ ಬಂದಿದ್ದೆ" ಎಂದರು. "ಗಾಡಿ ಐದಕ್ಕೇ ಹೋಗಿತ್ತು. ಇವರನ್ನ ಕೇಳಿ, ಅಲಮೇಲಮ್ಮನ್ನ. ಇವರು ಅದರಲ್ಲೇ ಇದ್ರು."

ಎಲ್ಲರೂ ಅಲಮೇಲುವಿನ ಕಡೆ ತಿರುಗಿದರು. ಅವಳು ಹೌದೆಂದರೆ ಮುಗಿಯಿತು. ಆದರೆ ಹೌದೆಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಅದರಲ್ಲಿ ಇದ್ದಿರಿ ಸರಿ, ಗೆಳತಿ ಬಂದಳೋ ಇಲ್ಲವೋ ಎಂದು ನೀವು ನೋಡಲಿಲ್ಲವೇ? ಐದು ವರ್ಷದಿಂದ ಅವಳು ಅದಕ್ಕೆ ಉತ್ತರ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

"ಹೋಗ್ಲಿ ಬಿಡಿ ಅಂಬುಜಮ್ಮ" ಎಂದಳು. "ಹಳೇ ಮಾತು. ಶುಭಕ್ಕೆ ಹೊರಟಿದೀರಿ."

ಅಂಬುಜಮ್ಮ ಅವಳನ್ನು ನೋಡಿದರು. ಆಮೇಲೆ ತಟ್ಟೆಯನ್ನು ಮೊದಲನೆಯವರಿಂದ ಶುರುಮಾಡಿ ಕ್ರಮವಾಗಿ ಎಲ್ಲರಿಗೂ ಹಿಡಿದರು. ಅಲಮೇಲುವಿಗೂ ಹಿಡಿದರು.

ಆ ಯಾತ್ರೆಯಿಂದ ಬಂದ ಮೇಲೆ ಅಂಬುಜಮ್ಮನ ಕಾಲು ಊದಿಕೊಂಡಿತು. ಒಲೆಯ ಹೊಗೆ ಎದೆಗೆ ಹತ್ತಿದೆ, ಹೃದಯವೂ ಸೋತಿದೆ ಎಂದರು ಡಾಕ್ಟರು. 1964ರ ಸಂಕ್ರಾಂತಿ ಕಳೆದು ರಾಮಯ್ಯನವರು ಮೂರು ಜನ ಹೊಸ ಅಡಿಗೆಯವರನ್ನು ಕರೆದುಕೊಂಡು ಹೊರಟರು. ಮುಂಗಡ ಕೊಟ್ಟ ಜನರಿಗೆ ಏನು ಹೇಳುವುದು? ಅಲಮೇಲು ದಿನವೂ ಸ್ಕೂಲು ಬಿಟ್ಟ ಮೇಲೆ ಬಂದು ಕೂರುತ್ತಿದ್ದಳು. ಗಂಜಿ ಕುಡಿಸುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, ರಾಮಯ್ಯನವರು ವಾಪಸು ಬಂದ ತಕ್ಷಣ ನಾನು ಎಲ್ಲರ ಮುಂದೆ ಹೇಳುತ್ತೇನೆ ಎಂದಳು.

"ಬೇಡ ಬಿಡಿ" ಎಂದರು ಅಂಬುಜಮ್ಮ. "ಅವತ್ತು ಹೇಳಿದ್ರೆ ನನಗೆ ಬೇಕಾಗಿತ್ತು. ಈಗ ನಾನು ಮಲಗಿದೀನಿ ಅಂತ ನೀವು ಹೇಳೋದು ಬೇಡ."

ಸ್ವಲ್ಪ ಹೊತ್ತಾದ ಮೇಲೆ, ಗಂಜಿಗೆ ಉಪ್ಪು ಹೆಚ್ಚಾಯಿತು ಎಂದರು. ಅವಳ ಮೇಲೆ ಅವರು ಮಾಡಿದ ದೂರು ಅದೊಂದೇ.

ರಾಮಯ್ಯ ಯಾತ್ರೆಯಿಂದ ಹಿಂದಿರುಗಿದ ಎರಡು ವಾರಕ್ಕೆ ಅಂಬುಜಮ್ಮ ಹೋಗಿಬಿಟ್ಟರು.

ಹದಿಮೂರನೆಯ ದಿನದ ಊಟಕ್ಕೆ ಹಳೆಯ ಯಾತ್ರಿಕರೆಲ್ಲ ಬಂದಿದ್ದರು. ಯಾರೋ ಅವರ ಹುಳಿಯನ್ನು ನೆನೆದರು, ಯಾರೋ ಹಪ್ಪಳವನ್ನು. ರಾಮಯ್ಯನವರು ಶಲ್ಯದಿಂದ ಕಣ್ಣೊರೆಸಿಕೊಂಡು, "ಒಂದೇ ಒಂದು ಸಲ ನನ್ನ ಮಾತು ಮೀರಿದ್ದು ಅವಳು. ಜಬಲ್ಪುರದಲ್ಲಿ ಬಂಡೆ ನೋಡ್ತಾ ಕೂತು..." ಎಂದು ಶುರುಮಾಡಿದರು. ಪ್ರೀತಿಯಿಂದಲೇ ಹೇಳುತ್ತಿದ್ದರು.

ಅಲಮೇಲು ಎಲೆಯ ಮುಂದೆ ಕೂತಿದ್ದವಳು ಎದ್ದು ನಿಂತಳು.

"ರಾಮಯ್ಯನವರೇ, ಅವರು ಆರೂ ಇಪ್ಪತ್ತಕ್ಕೆ ಬಂದಿದ್ರು. ನಾವು ಐದೂ ಹತ್ತಕ್ಕೆ ಹೊರಟ್ವಿ. ಏಳು ಅಂತ ಹೇಳಿ ಐದಕ್ಕೆ ಹೊರಟ್ವಿ. ಅವರು ಗಾಡಿ ತಪ್ಪಿಸ್ಕೊಳ್ಳಲಿಲ್ಲ."

ಪಂಕ್ತಿಯಲ್ಲಿ ಊಟ ನಿಂತಿತು. ರಾಮಯ್ಯ ಅವಳನ್ನೇ ನೋಡಿದರು, ನಿಜವಾಗಿಯೂ ನೆನಪು ಮಾಡಿಕೊಳ್ಳುವವರ ಹಾಗೆ.

"ಐದೂ ಹತ್ತಾ?" ಎಂದರು. "ಇದ್ರೂ ಇರಬಹುದು ಟೀಚರಮ್ಮ. ಈಗ ಯಾರಿಗೆ ನೆನಪಿದೆ? ಅವಳಿಗೇ ಅದರ ಬೇಜಾರಿರಲಿಲ್ಲ ಬಿಡಿ. ಒಂದು ದಿನವೂ ಒಂದು ಮಾತಾಡಿದವಳಲ್ಲ." ಬಡಿಸುವವನ ಕಡೆ ತಿರುಗಿ, "ಟೀಚರಮ್ಮನಿಗೆ ಪಾಯಸ ಹಾಕಪ್ಪ" ಎಂದರು.

ಜನ ಮತ್ತೆ ಊಟಕ್ಕೆ ತೊಡಗಿದರು. ಅಲಮೇಲು ಇನ್ನೂ ನಿಂತಿದ್ದಳು, ಯಾರಾದರೂ ಕೇಳಲಿ ಎಂದು. ನೀವು ಆ ಗಾಡಿಯಲ್ಲಿ ಇದ್ದಿರಲ್ಲ, ನೀವೇಕೆ ನೋಡಲಿಲ್ಲ ಎಂದು. ಆರು ವರ್ಷ ಅವಳ ಬಾಯಿ ಕಟ್ಟಿದ್ದು ಆ ಒಂದು ಪ್ರಶ್ನೆ. ಯಾರೂ ಕೇಳಲಿಲ್ಲ.